ಕಣ್ಣಿನ ರಕ್ಷಣಾ ಸಾಧನಗಳು

ಕಣ್ಣಿನ ರಕ್ಷಣಾ ಸಾಧನಗಳು ಕಾರ್ಯಾಗಾರದಲ್ಲಿಯೂ ಮನೆಯ ದುರಸ್ತಿ ಕೆಲಸಗಳಲ್ಲಿಯೂ ಸಿಡಿಯುವ ಚೂರು, ಧೂಳು, ರಾಸಾಯನಿಕ ಹಾಗೂ ತೀಕ್ಷ್ಣ ಬೆಳಕಿನಿಂದ ಕಣ್ಣನ್ನು ಕಾಪಾಡುತ್ತವೆ. ಭಾರತದಲ್ಲಿ 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 35ನೆಯ ಪ್ರಕರಣವು ಕಣ್ಣಿನ ರಕ್ಷಣೆಗೆ ಸಂಬಂಧಿಸಿತ್ತು. ಒಂದೇ ಸಾಧನವು ಎಲ್ಲ ಅಪಾಯಗಳನ್ನೂ ತಡೆಯದು.

ಆಯ್ಕೆ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಂತಹ ಬಂಡೆಗಲ್ಲಿನ ಸೀಮೆಯಲ್ಲಿ ಉಳಿ, ಸುತ್ತಿಗೆಗಳಿಂದ ಕಲ್ಲು ಒಡೆಯುವಾಗ ಚೂರುಗಳು ಬದಿಯಿಂದಲೂ ಕಣ್ಣಿಗೆ ಬೀಳಬಹುದು. ಇದಕ್ಕೆ ಪಕ್ಕದ ಮರೆಯುಳ್ಳ ಪಾಲಿಕಾರ್ಬೊನೇಟ್ ಕನ್ನಡಕ ಸೂಕ್ತವಾಗಿದೆ. ಗ್ರೈಂಡರ್ ಬಳಸುವಾಗ ಅದರ ಮೇಲೆ ಮುಖಕವಚವನ್ನೂ ಧರಿಸಬೇಕು. ಸುಣ್ಣ ಅಥವಾ ಬ್ಯಾಟರಿಯ ಆಮ್ಲವನ್ನು ಬಳಸುವಾಗ ಮುಖಕ್ಕೆ ಅಂಟಿ ಕೂರುವ, ಹನಿ ಒಳಗಿಳಿಯದ ಗಾಗಲ್ ಬೇಕಾಗುತ್ತದೆ. ವಿದ್ಯುತ್ ಬೆಸುಗೆಗೆ ಅತಿನೇರಳೆ ಕಿರಣಗಳನ್ನು ತಡೆಯುವ ಗಾಢ ಶೋಧಕ ಗಾಜಿನ ಮುಖವಾಡ ಅವಶ್ಯಕ. ಸಾಮಾನ್ಯ ತಂಪು ಕನ್ನಡಕವು ಅದಕ್ಕೆ ಬದಲಿಯಲ್ಲ. ಗೀರು ಬಿದ್ದು ಮಸುಕಾದ ಕನ್ನಡಕವನ್ನು ಬದಲಾಯಿಸಬೇಕು.