ಮದ್ಯಪಾನ ಚಾಲನೆಯ ಅಪರಾಧ ನಿರ್ಣಯ: ಉದ್ಯೋಗ ಮತ್ತು ವ್ಯಾಸಂಗದ ಮೇಲಿನ ಪರಿಣಾಮಗಳು

ಮದ್ಯಪಾನ ಮಾಡಿ ವಾಹನ ಚಲಾಯಿಸುವುದು ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ ಶಿಕ್ಷಾರ್ಹ ಅಪರಾಧವಾಗಿದೆ. ನ್ಯಾಯಾಲಯವು ವಿಧಿಸುವ ದಂಡ ಅಥವಾ ಸೆರೆವಾಸವಲ್ಲದೆ, ಈ ಅಪರಾಧ ನಿರ್ಣಯವು ಸರ್ಕಾರಿ ನೇಮಕಾತಿ, ಚಾಲಕ ವೃತ್ತಿ ಹಾಗೂ ವಿದೇಶ ವ್ಯಾಸಂಗದ ಮೇಲೂ ಪರಿಣಾಮ ಬೀರಬಲ್ಲದು. ದಂಡ ಕಟ್ಟಿದೊಡನೆ ವಿಷಯ ಮುಗಿಯಿತೆಂಬ ತಿಳಿವಳಿಕೆ ಸಾಮಾನ್ಯವಾಗಿದ್ದರೂ ಅದು ಸರಿಯಲ್ಲ.

ಅಪರಾಧದ ಸ್ವರೂಪ

ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿರುವ ಚಾಲಕನು ಈ ಕಲಮಿನ ವ್ಯಾಪ್ತಿಗೆ ಬರುತ್ತಾನೆ. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಪುನರಾವರ್ತನೆಯಾದರೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ.

ಹೆಲ್ಮೆಟ್ ಧರಿಸದಿರುವಂತಹ ಉಲ್ಲಂಘನೆಗಳಿಗೆ ಸ್ಥಳದಲ್ಲಿಯೇ ಹಣ ಕಟ್ಟಿ ರಸೀದಿ ಪಡೆಯಬಹುದು. ಆದರೆ ಹಾಗೆ ರಾಜಿಯಲ್ಲಿ ಮುಗಿಸಬಹುದಾದ ಅಪರಾಧಗಳನ್ನು ಹೆಸರಿಸುವ 200ನೆಯ ಕಲಮಿನಲ್ಲಿ 185 ಸೇರಿಲ್ಲ. ಆದ್ದರಿಂದ ಪ್ರಕರಣವು ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. ಅಲ್ಲಿ ಆರೋಪಿಯು ತಪ್ಪೊಪ್ಪಿಕೊಂಡು ದಂಡ ತೆತ್ತರೆ ಅದು ಕಾನೂನಿನ ದೃಷ್ಟಿಯಲ್ಲಿ ಅಪರಾಧ ನಿರ್ಣಯವೇ. ಕೆಲಸಕ್ಕೆ ರಜೆ ಹಾಕುವ ತೊಂದರೆ ತಪ್ಪಲೆಂದು ಮೊದಲ ದಿನವೇ ಒಪ್ಪಿಕೊಳ್ಳುವ ತರುಣರು ಇದನ್ನು ಅರಿತಿರುವುದು ಅಪರೂಪ. ಇದಲ್ಲದೆ ಇಂತಹ ಚಾಲಕರ ಪರವಾನಗಿಯನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿಡಬೇಕೆಂದು ಸರ್ವೋಚ್ಚ ನ್ಯಾಯಾಲಯದ ರಸ್ತೆ ಸುರಕ್ಷತಾ ಸಮಿತಿಯು 2015ರಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಿತು.

ಸರ್ಕಾರಿ ಉದ್ಯೋಗ

ಸರ್ಕಾರಿ ಹುದ್ದೆಗೆ ಆಯ್ಕೆಯಾದವರು ಪೂರ್ವಚರಿತ್ರೆ ಪರಿಶೀಲನೆಯ ನಮೂನೆಯೊಂದನ್ನು ತುಂಬಬೇಕಾಗುತ್ತದೆ. ಬಂಧನ, ಮೊಕದ್ದಮೆ, ಶಿಕ್ಷೆಗಳ ಬಗೆಗಿನ ಪ್ರಶ್ನೆಗೆ 'ಇಲ್ಲ' ಎಂದು ಬರೆದು, ಅನಂತರ ಪೊಲೀಸ್ ವರದಿಯಲ್ಲಿ ಸತ್ಯ ಹೊರಬಿದ್ದು ನೇಮಕಾತಿ ರದ್ದಾಗುವ ಸಂಭವವುಂಟು. ಮೂಲ ಅಪರಾಧಕ್ಕಿಂತ ಅದನ್ನು ಮುಚ್ಚಿಟ್ಟದ್ದೇ ಇಲ್ಲಿ ಹೆಚ್ಚಿನ ಹಾನಿ ಮಾಡುತ್ತದೆ.

ಅವತಾರ್ ಸಿಂಗ್ ಮತ್ತು ಭಾರತ ಒಕ್ಕೂಟದ ನಡುವಣ ಪ್ರಕರಣದಲ್ಲಿ (2016) ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠವು ಈ ವಿಷಯದ ಸೂತ್ರಗಳನ್ನು ಕ್ರೋಡೀಕರಿಸಿತು. ಅಭ್ಯರ್ಥಿಯು ಕೊಡುವ ಮಾಹಿತಿ ಸತ್ಯವಾಗಿರಬೇಕು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣವನ್ನು ಮರೆಮಾಚಿದ್ದರೆ ನೇಮಕಾತಿ ಪ್ರಾಧಿಕಾರವು ತನ್ನ ವಿವೇಚನೆಯಿಂದ ಕ್ಷಮಿಸಬಹುದು. ನಮೂನೆಯಲ್ಲಿ ಕೇಳದಿರುವ ಸಂಗತಿಯನ್ನು ಹೇಳಲಿಲ್ಲವೆಂದು ದೂರುವಂತಿಲ್ಲ. ಸತ್ಯ ಹೇಳಿದ ಮಾತ್ರಕ್ಕೆ ಹುದ್ದೆ ದೊರೆಯಲೇಬೇಕೆಂಬ ಹಕ್ಕೂ ಇಲ್ಲ.

ಈಗಾಗಲೇ ಸೇವೆಯಲ್ಲಿರುವವರ ವಿಷಯ ಬೇರೆ. ಕ್ರಿಮಿನಲ್ ಆರೋಪದಲ್ಲಿ ಶಿಕ್ಷೆಯಾದ ನೌಕರನನ್ನು, ಆ ಶಿಕ್ಷೆಗೆ ಕಾರಣವಾದ ನಡತೆಯ ಆಧಾರದ ಮೇಲೆ ವಿಚಾರಣೆಯಿಲ್ಲದೆ ವಜಾಗೊಳಿಸಲು ಸಂವಿಧಾನದ 311ನೆಯ ಅನುಚ್ಛೇದವು ಅವಕಾಶ ನೀಡುತ್ತದೆ. ಕರ್ನಾಟಕ ರಾಜ್ಯದ ನೌಕರನು 48 ಗಂಟೆಗಳಿಗೂ ಹೆಚ್ಚು ಕಾಲ ಬಂಧನದಲ್ಲಿದ್ದರೆ 1957ರ ಸೇವಾ ನಿಯಮಗಳಂತೆ ಅಮಾನತುಗೊಂಡನೆಂದೇ ಭಾವಿಸಲಾಗುತ್ತದೆ. ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ದಳದ ಚಾಲಕನೊಬ್ಬ ಕುಂಭಮೇಳದ ಕರ್ತವ್ಯಕ್ಕೆ ಸಿಬ್ಬಂದಿಯನ್ನು ಕರೆದೊಯ್ಯುತ್ತಿದ್ದಾಗ ಮದ್ಯದ ಅಮಲಿನಲ್ಲಿ ಜೀಪಿಗೆ ಡಿಕ್ಕಿ ಹೊಡೆದ ಪ್ರಕರಣವು 2022ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಅಪಘಾತ ಚಿಕ್ಕದೆಂಬುದು ದಯೆ ತೋರಲು ಕಾರಣವಲ್ಲವೆಂದು ನ್ಯಾಯಾಲಯ ಹೇಳಿತು. ಆದರೆ ದೀರ್ಘ ಸೇವೆ ಹಾಗೂ ಆ ವೇಳೆಗೆ ನೌಕರ ಮೃತನಾಗಿದ್ದುದನ್ನು ಗಮನಿಸಿ, ವಜಾ ಆದೇಶವನ್ನು ಕಡ್ಡಾಯ ನಿವೃತ್ತಿಯಾಗಿ ಮಾರ್ಪಡಿಸಿತು.

ಚಾಲಕ ವೃತ್ತಿ

ಮದ್ಯಪಾನ ಚಾಲನೆಗಾಗಿ ಒಮ್ಮೆಯಾದರೂ ಮೊಕದ್ದಮೆಗೆ ಗುರಿಯಾದವನನ್ನು ಶಾಲಾ ವಾಹನದ ಚಾಲಕನನ್ನಾಗಿ ನೇಮಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ದೆಹಲಿಯ ಸಂಚಾರ ಕುರಿತ ಆದೇಶದಲ್ಲಿ ವಿಧಿಸಿತು. ಮಕ್ಕಳ ಜೀವದ ಪ್ರಶ್ನೆಯಾದುದರಿಂದ ಈ ಕಠಿಣತೆ ಸಮಂಜಸವಾದುದೇ.

ವಿದ್ಯಾರ್ಥಿಗಳು

ಭಾರತದಲ್ಲಿ ಕಾಲೇಜು ಪ್ರವೇಶವು ಬಹುಮಟ್ಟಿಗೆ ಅಂಕ ಹಾಗೂ ಪ್ರವೇಶ ಪರೀಕ್ಷೆಗಳನ್ನು ಅವಲಂಬಿಸಿರುವುದರಿಂದ ನೇರ ಅಡ್ಡಿ ಕಡಿಮೆ. ಹದಿನೆಂಟು ತುಂಬದವರು ಮೋಟಾರು ವಾಹನ ಕಾಯಿದೆಯ ಅಪರಾಧವೆಸಗಿದರೆ 199ಎ ಕಲಮಿನಂತೆ 25 ವರ್ಷ ವಯಸ್ಸಾಗುವವರೆಗೆ ಚಾಲನಾ ಪರವಾನಗಿಗೆ ಅರ್ಹರಲ್ಲ. ಪೋಷಕರು ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವುಂಟು.

ವಿದೇಶಕ್ಕೆ ಹೋಗುವವರಿಗೆ ತೊಡಕು ಹೆಚ್ಚು. ಕೆನಡಾ ದೇಶವು 2018ರ ಡಿಸೆಂಬರ್ 18ರಿಂದ ಈ ಅಪರಾಧದ ಗರಿಷ್ಠ ಶಿಕ್ಷೆಯನ್ನು ಹತ್ತು ವರ್ಷಗಳಿಗೆ ಏರಿಸಿದ್ದರಿಂದ, ಅದು ವಲಸೆ ಕಾನೂನಿನಲ್ಲಿ ಗಂಭೀರ ಅಪರಾಧಗಳ ವರ್ಗಕ್ಕೆ ಸೇರಿತು. ಹೊರದೇಶದಲ್ಲಾದ ಶಿಕ್ಷೆಯನ್ನು ಅಲ್ಲಿನ ಕಾನೂನಿಗೆ ಹೋಲಿಸಿ ನೋಡಲಾಗುತ್ತದೆ. ಅಲ್ಲಿನ ಮಿತಿ 80 ಮಿಲಿಗ್ರಾಂ ಆದುದರಿಂದ ಪರೀಕ್ಷೆಯಲ್ಲಿ ದಾಖಲಾದ ಪ್ರಮಾಣವೂ ಮುಖ್ಯ. ಅಮೆರಿಕದ ವೀಸಾ ಅರ್ಜಿಯು ಶಿಕ್ಷೆಯನ್ನಷ್ಟೇ ಅಲ್ಲ, ಬಂಧನವನ್ನೂ ಕೇಳುತ್ತದೆ. ಅಲ್ಲಿ ಓದುತ್ತಿರುವ ವಿದ್ಯಾರ್ಥಿಯು ಈ ಕಾರಣದಿಂದ ಬಂಧಿತನಾದರೆ, ತೀರ್ಪಿಗೆ ಮೊದಲೇ ವೀಸಾ ರದ್ದಾಗಬಹುದು.

ಪರಿಹಾರ ಮಾರ್ಗಗಳು

1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯಂತೆ ನ್ಯಾಯಾಲಯವು ಸೂಕ್ತ ಪ್ರಕರಣಗಳಲ್ಲಿ ಅಪರಾಧಿಯನ್ನು ಎಚ್ಚರಿಕೆ ನೀಡಿ ಅಥವಾ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದು. ಹಾಗೆ ಬಿಟ್ಟರೆ, ಶಿಕ್ಷೆಯಿಂದ ಉಂಟಾಗುವ ಶಾಸನಬದ್ಧ ಅನರ್ಹತೆಗಳು 12ನೆಯ ಕಲಮಿನಂತೆ ಅನ್ವಯಿಸುವುದಿಲ್ಲ. ಆದರೆ ಅಪರಾಧ ನಿರ್ಣಯವೇ ಅಳಿಸಿಹೋಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ಭಾರತ ಒಕ್ಕೂಟ ಮತ್ತು ಬಕ್ಷಿ ರಾಮ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನಿರ್ದಿಷ್ಟ ಅವಧಿಯ ನಂತರ ಹಳೆಯ ಶಿಕ್ಷೆಯನ್ನು ಬಹಿರಂಗಪಡಿಸುವ ಹೊಣೆಯಿಂದ ಬಹುತೇಕ ಉದ್ಯೋಗಗಳಲ್ಲಿ ಬಿಡುಗಡೆ ನೀಡುವ ಶಾಸನವು ಬ್ರಿಟನ್ನಿನಲ್ಲಿ 1974ರಿಂದ ಇದೆ. ಭಾರತದಲ್ಲಿ ವಯಸ್ಕರಿಗೆ ಅಂತಹ ಸಾಮಾನ್ಯ ಕಾನೂನು ಇಲ್ಲ.