ಉಗುರಗಲದ ಮುಚ್ಚಳ

ಮಹಾರಾಷ್ಟ್ರದ ಶಾಲೆಗಳು ಬಾಗಿಲು ತೆರೆಯುವುದು ಜೂನ್ ನಡುಭಾಗದಲ್ಲಿ. ಮೃಗಶಿರಾ ಮಳೆ ನಾಂದಣಿಯ ತರಕಾರಿ ತೋಟಗಳಿಗೆ ಇಳಿಯುವುದೂ ಸರಿಸುಮಾರು ಅದೇ ಹೊತ್ತಿಗೆ. ಮಕ್ಕಳ ಪ್ರವೇಶೋತ್ಸವದಿಂದ ಆಗಸ್ಟ್ 15ರ ಧ್ವಜವಂದನೆಯವರೆಗೆ ಶಾಲೆಯ ಕ್ಯಾಮೆರಾ ಹೊರಗೆ ಬರುವ ದಿನಗಳೆಲ್ಲ ಮೋಡ ಕವಿದ ದಿನಗಳೇ. ಶಿರೋಳ ತಾಲೂಕಿಗಂತೂ 2005, 2019 ಮತ್ತು 2021ರ ಮಹಾಪೂರಗಳ ನೆನಪು ಇನ್ನೂ ಹಸಿಯಾಗಿದೆ. ಕುಸಿದ ಗೋಡೆ, ಕೊಳೆತ ಬೆಳೆಗಳ ಚಿತ್ರಗಳನ್ನು ಪರಿಹಾರದ ಅರ್ಜಿಗೆಂದು ತೆಗೆಯಬೇಕಾಗುವುದು ಅಂಥ ದಿನಗಳಲ್ಲೇ. ಚಿತ್ರ ಅತ್ಯಗತ್ಯವಾದ ದಿನವೇ ಕ್ಯಾಮೆರಾಕ್ಕೆ ಅತ್ಯಂತ ಅಪಾಯದ ದಿನ.

ಮಳೆ ಬಂದೊಡನೆ ಜನ ಮಸೂರವನ್ನು ಕರವಸ್ತ್ರದಿಂದ ಮುಚ್ಚಿಕೊಳ್ಳುತ್ತಾರೆ. ನೀರು ಒಳನುಗ್ಗುವುದು ಮಾತ್ರ ಬೇರೆ ದಾರಿಯಿಂದ. ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಶ್ ಜಾರಿಸುವ ಲೋಹದ ಹಳಿ ಇರುತ್ತದೆ. ಅದರ ಹೆಸರು ಹಾಟ್ ಶೂ. ಅದರೊಳಗೆ ಬರಿಯ ಲೋಹದ ಬಿಂದುಗಳು ಆಕಾಶಕ್ಕೆ ಮುಖಮಾಡಿ ಕುಳಿತಿರುತ್ತವೆ. ಎಡಬದಿಯಲ್ಲಿ ಸಾಮಾನ್ಯವಾಗಿ ಮೈಕ್, ಯುಎಸ್‌ಬಿ, ಎಚ್‌ಡಿಎಂಐ ತಂತಿಗಳ ಕಿಂಡಿಗಳು. ಕೆಲವು ಮಾದರಿಗಳಲ್ಲಿ ಹಳಿಯ ಬುಡದಲ್ಲೇ ಇನ್ನೊಂದು ಕಿಂಡಿ. 2012ರಲ್ಲಿ ಬಂದ ಒಲಿಂಪಸ್ ಇ-ಎಂ5 ಇದಕ್ಕೆ ಒಳ್ಳೆಯ ಉದಾಹರಣೆ. ಧೂಳು ಮತ್ತು ಸಿಡಿಹನಿಗಳನ್ನು ತಡೆಯುತ್ತದೆಂದು ಹೆಸರು ಮಾಡಿದ ಆ ಯಂತ್ರದ ನೆತ್ತಿಯ ಕಿಂಡಿಗೆ ರಕ್ಷಣೆಯೆಂದರೆ ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಮುಚ್ಚಳ. ಚಿಕ್ಕ ಫ್ಲ್ಯಾಶ್ ಸಿಕ್ಕಿಸಲು ಅದನ್ನು ತೆಗೆದು ಜೇಬಿಗೆ ಹಾಕಬೇಕು. ಜೇಬಿಗೆ ಹೋದದ್ದು ಮರಳಿ ಬರುವುದೆಷ್ಟು ಸಲ?

ನೀರಿಗಿಂತ ಹೆಚ್ಚಿನ ಕೇಡು ಮಾಡುವುದು ನೀರಿನಲ್ಲಿ ಕರಗಿದ ಲವಣ. ಬೆವರು ಬೆರೆತ ಹನಿ ಎರಡು ಬಿಂದುಗಳ ನಡುವೆ ನಿಂತಿತೆಂದರೆ ಬ್ಯಾಟರಿಯ ವಿದ್ಯುತ್ತು ಅದರ ಮೂಲಕ ಹರಿಯತೊಡಗುತ್ತದೆ. ಮೇಲಿನ ತೆಳು ಲೇಪ ಸವೆದಲ್ಲಿ ಒಳಗಿನ ತಾಮ್ರ ಕರಗಿ ಹಸಿರು ಕಿಲುಬು ಏಳುತ್ತದೆ. ಆ ದಿನ ಏನೂ ಆಗಿಲ್ಲವೆಂದೇ ತೋರುತ್ತದೆ. ವಾರಗಳ ಬಳಿಕ ಫ್ಲ್ಯಾಶ್ ಒಮ್ಮೆ ಬೆಳಗಿ ಒಮ್ಮೆ ಸುಮ್ಮನಾಗುತ್ತದೆ, ಮೈಕಿನಲ್ಲಿ ಗರಗರ ಸದ್ದು ಬರುತ್ತದೆ. ದೋಷವನ್ನು ಯಾರೂ ಮಳೆಗೆ ಹಚ್ಚುವುದಿಲ್ಲ.

ಈ ಸೀಮೆಯಲ್ಲಿ ಮಳೆಯೊಂದೇ ಶತ್ರುವಲ್ಲ. ಅಕ್ಟೋಬರ್ ಸುಮಾರಿಗೆ ಪಟ್ಟಣಕೊಡೋಲಿಯ ವಿಠ್ಠಲ-ಬೀರದೇವರ ಜಾತ್ರೆಯಲ್ಲಿ ಭಂಡಾರ ಹಾರುತ್ತದೆ. ಇಡೀ ಬಯಲು ಹಳದಿಯಾಗುವ ಆ ನೋಟಕ್ಕಾಗಿ ದೂರದೂರದಿಂದ ಛಾಯಾಗ್ರಾಹಕರು ಬರುತ್ತಾರೆ. ಅರಿಸಿನದ ಪುಡಿ ನುಣುಪು, ಎಣ್ಣೆಯಂಶವುಳ್ಳದ್ದು. ಕಿಂಡಿಯಲ್ಲಿ ಕುಳಿತು ತೇವ ಹೀರಿಕೊಂಡರೆ ಒಣಧೂಳಿನಂತೆ ಊದಿದ ಮಾತ್ರಕ್ಕೆ ಹೋಗದು. ಇಚಲಕರಂಜಿಯ ಮಗ್ಗದ ಮನೆಗಳಲ್ಲಿ ಹಾರುವ ಹತ್ತಿಯ ಎಳೆಯೂ ಹಾಗೆಯೇ: ಮೈಕಿನ ಕಿಂಡಿಯ ತಳದಲ್ಲಿ ಉಂಡೆಗಟ್ಟಿ, ತಂತಿಯ ಮೊಳೆ ಪೂರ್ತಿ ಕೂರದಂತೆ ಮಾಡುತ್ತದೆ. ಕಬ್ಬು ನುರಿಸುವ ಕಾಲದಲ್ಲಿ ಕಾರ್ಖಾನೆಯ ಚಿಮಣಿಯ ಕರಿಬೂದಿ ಒಣಗಲು ಹಾಕಿದ ಬಟ್ಟೆಗಳ ಮೇಲೆ ಬೀಳುವುದನ್ನು ಕಂಡ ಗೃಹಿಣಿಯರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಮುಚ್ಚಿದ್ದಾಗ ರಬ್ಬರ್ ಮುಚ್ಚಳ ಕಾಯುತ್ತದೆ. ಆದರೆ ಮೈಕಿನ ತಂತಿ ಸಿಕ್ಕಿಸಿದ ಮೇಲೆ ಅದು ತೆರೆದೇ ಜೋತಾಡುತ್ತದೆ. ಸಮಾರಂಭಗಳಲ್ಲಿ ಕೆಡುವುದು ಬಹುಮಟ್ಟಿಗೆ ಹೀಗೆ. ಇದಕ್ಕೆ ದುಬಾರಿ ಕವಚ ಬೇಕಿಲ್ಲ. ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಬುಡಮೇಲಾಗಿ ಕ್ಯಾಮೆರಾಕ್ಕೆ ತೊಡಿಸಿ, ಮಸೂರದ ಸುತ್ತ ರಬ್ಬರ್ ಬಳೆ ಹಾಕಿ, ತಂತಿಯನ್ನು ಚೀಲದ ತೆರೆದ ಕೆಳಬಾಯಿಯಿಂದ ಹೊರಬಿಡಬೇಕು. ತಂತಿ ಕಿಂಡಿಗೇರುವ ಮುನ್ನ ಒಮ್ಮೆ ಕೆಳಕ್ಕೆ ಬಾಗಿರಲಿ. ಕಂಬದಿಂದ ಮನೆಗೆ ಬರುವ ವಿದ್ಯುತ್ ತಂತಿಯನ್ನು ಗೋಡೆಯ ಬಳಿ ಜೋಲು ಬಿಡುವುದೂ ಇದೇ ಕಾರಣಕ್ಕೆ. ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಹಾಟ್ ಶೂಗೆ ಜಾರುವ ಪ್ಲಾಸ್ಟಿಕ್ ಮುಚ್ಚಳಗಳು ಅಗ್ಗ. ನಾಲ್ಕನ್ನು ಒಟ್ಟಿಗೆ ಕೊಂಡಿಡುವುದು ಲೇಸು. ಕಳೆದುಹೋದ ಮುಚ್ಚಳದ ಬದಲು ಅಂಟು ಉಳಿಯದ ಟೇಪಿನ ತುಂಡು ಒಂದು ದಿನದ ಮಟ್ಟಿಗೆ ಆದೀತು. ಫೆವಿಕ್ವಿಕ್ ಮಾತ್ರ ಹತ್ತಿರವೂ ಸುಳಿಯಕೂಡದು.

ನೀರು ಹೋಗಿಯೇ ಬಿಟ್ಟರೆ ಮೊದಲು ಯಂತ್ರ ಆರಿಸಿ ಬ್ಯಾಟರಿ ತೆಗೆಯಬೇಕು. ನಡೆಯುತ್ತದೆಯೇ ನೋಡೋಣ ಎಂಬ ಕುತೂಹಲವೇ ಅನೇಕ ಕ್ಯಾಮೆರಾಗಳನ್ನು ಕೊಂದಿದೆ. ಕಿಂಡಿಯನ್ನು ಕೆಳಮುಖವಾಗಿಸಿ, ಒರೆಸಿ, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ ಎರಡು ದಿನವಾದರೂ ಇಡಬೇಕು. ಅಕ್ಕಿಯ ಡಬ್ಬಿಯಲ್ಲಿ ಹುಗಿಯುವ ಮನೆಮದ್ದು ಎಲ್ಲೆಡೆ ಹಬ್ಬಿದೆಯಾದರೂ ಅಕ್ಕಿ ತೇವ ಹೀರುವುದು ಅತ್ಯಲ್ಪ, ಅದರ ಹುಡಿ ಮಾತ್ರ ಕಿಂಡಿ ಸೇರುತ್ತದೆ. ಬಾಯಿಂದ ಊದಿದರೆ ಉಗುಳಿನ ತುಂತುರು ಸೇರುತ್ತದೆ. ಮೊಬೈಲಿನಲ್ಲೇ ಎಲ್ಲ ಚಿತ್ರ ತೆಗೆಯುವವರಿಗೂ ಇದರಲ್ಲಿ ಒಂದು ಮಾತು ಅನ್ವಯಿಸುತ್ತದೆ: ಕಿಂಡಿ ಒದ್ದೆಯಿರುವಾಗ ಚಾರ್ಜಿಗೆ ಹಾಕಬಾರದು.

ಇನ್ನು ಕೊಳ್ಳುವಾಗಿನ ಎಚ್ಚರ. ಜಾಹೀರಾತಿನ ‘ಹವಾಮಾನ ನಿರೋಧಕ’ ಎಂಬ ಪದಕ್ಕೆ ತನ್ನದೇ ಆದ ಅಳತೆಯಿಲ್ಲ; ಐಪಿ ಎಂಬ ಅಂಕೆಗೆ ಇದೆ. 2022ರ ಒಎಂ-1 ಕ್ಯಾಮೆರಾದ ಐಪಿ53 ಎಂಬುದರಲ್ಲಿ 5 ಧೂಳಿನ ತಡೆಯನ್ನೂ, 3 ಓರೆಯಾಗಿ ಸಿಂಪಡಿಸಿದ ನೀರಿನ ತಡೆಯನ್ನೂ ಸೂಚಿಸುತ್ತದೆ. ನೀರಲ್ಲಿ ಮುಳುಗಿಸಬಹುದೆಂದು ಅದರ ಅರ್ಥವಲ್ಲ. ವಾರಂಟಿ ಪತ್ರಗಳು ಸಾಮಾನ್ಯವಾಗಿ ದ್ರವದಿಂದಾದ ಹಾನಿಯನ್ನು ಹೊರಗಿಡುತ್ತವೆ. ಆದ್ದರಿಂದ ಮುಚ್ಚಳ ಹಾಕಿದ್ದರೂ ನೀರು ಹೋಯಿತೆಂದು ದೂರುವವರು ಜಾಹೀರಾತಿನ ಪ್ರತಿ, ಬಿಲ್ಲು, ಕೈಪಿಡಿ ಮೂರನ್ನೂ ಜೋಪಾನ ಮಾಡಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಮುಂಬಯಿಯ ಮಾರಾಟಗಾರನಿಂದ ತರಿಸಿದ್ದರೂ ನಾಂದಣಿಯವರಿಗೆ ಕೊಲ್ಹಾಪುರದ ಆಯೋಗವೇ ಸಾಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ದೂರಿನ ಕಾರಣ ಹುಟ್ಟಿದ 2 ವರ್ಷಗಳೊಳಗೆ ಸಲ್ಲಿಸಬೇಕು.

ಬೇಸಿಗೆ ರಜೆಯ ಕೊನೆಯ ವಾರ ಕಪಾಟಿನಿಂದ ಕ್ಯಾಮೆರಾ ಹೊರತೆಗೆದು ಕಿಂಡಿಗಳನ್ನು ಬೆಳಕಿಗೆ ಹಿಡಿದು ನೋಡುವುದು ಹತ್ತು ನಿಮಿಷದ ಕೆಲಸ. ರಬ್ಬರಿನ ಅಂಚು ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ಡಬ್ಬಿಯೊಳಗಿನ ನೀಲಿ ಸಿಲಿಕಾ ಹರಳು ಗುಲಾಬಿಯಾಗಿದ್ದರೆ ಅದು ತೇವ ಕುಡಿದಿದೆಯೆಂದು ತಿಳಿಯಬೇಕು. ಅಡುಗೆಗೆ ಬಳಸದ ಹಳೆಯ ತವೆಯಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ.