ಕಾರು ಮುದ್ದೆ, ಜೀವ ಭದ್ರ

ಐಜ: ಇಲ್ಲಿನ ಕನ್ನಡ ಮನೆಗಳಲ್ಲಿ ಕಾರು ಕೊಳ್ಳುವ ಮಾತು ಬಂದರೆ ಮೊದಲ ಪ್ರಶ್ನೆ, ‘ಮೈಲೇಜ್ ಎಷ್ಟು ಕೊಡ್ತದ?’ ರಾಯಚೂರಿಗೆ ಆಸ್ಪತ್ರೆ, ಜವಳಿ, ಬೀಗರೂರು ಅಂತ ಓಡಾಡುವವರಿಗೆ ಅದೂ ಬೇಕು. ಗುದ್ದಿದರೆ ಜೀವ ಉಳಿಸ್ತದಾ ಅಂತ ಕೇಳೋರು ಕಮ್ಮಿ.

2025ರ ಸಂಕ್ರಾಂತಿಯ ನಸುಕಿನಲ್ಲಿ ಕಿತ್ತೂರು ಬಳಿ ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರ ಕಾರು ಮರಕ್ಕೆ ಗುದ್ದಿ ಮುಂಭಾಗ ನಜ್ಜುಗುಜ್ಜಾಯಿತು. ಏರ್‌ಬ್ಯಾಗ್ ತೆರೆದುಕೊಂಡವು. ಬೆನ್ನುಮೂಳೆಗೆ ಪೆಟ್ಟಾದರೂ ಸಚಿವೆ ಬದುಕುಳಿದರು.

ಮುಂಭಾಗ ಮುದ್ದೆಯಾದರೆ ‘ಬರೀ ತಗಡು’ ಅಂತ ಬೈಯೋದುಂಟು. ಹೊಡೆತವನ್ನು ತಾನು ತಿಂದು ಒಳಗಿನವರನ್ನು ಕಾಯಲೆಂದೇ ಅದನ್ನು ಹಾಗೆ ಮಾಡಿರ್ತಾರೆ. ಬೆಲ್ಟ್ ಹಾಕಿರಬೇಕು, ಅಷ್ಟೇ, ಹಿಂದೆ ಕೂತವರೂ. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್‌ನಲ್ಲಿ ಕಾರು ಗುದ್ದಿಸಿ ನೋಡಿ ಸ್ಟಾರ್ ಕೊಡ್ತಾರೆ. ಶೋರೂಮಿನಲ್ಲಿ ಮೈಲೇಜ್ ಜತೆ ಅದನ್ನೂ ಕೇಳಬಹುದು.